ಮಾಡಿ ನೋಡು, ನೋಡಿ ಮಾಡು

ಕನ್ನಡದಲ್ಲಿ ನೋಡುವುದಕ್ಕೆ ಕಣ್ಣೇ ಬೇಕೆಂದಿಲ್ಲ. ಮೂಸಿ ನೋಡುತ್ತೇವೆ, ಮುಟ್ಟಿ ನೋಡುತ್ತೇವೆ, ಹಲಸಿನಹಣ್ಣನ್ನು ಬಡಿದು ನೋಡುತ್ತೇವೆ, ಕೈಸಾಲ ಸಿಕ್ಕೀತೇ ಎಂದು ಕೇಳಿ ನೋಡುತ್ತೇವೆ. ಎಲ್ಲ ಕಡೆಯೂ ಮೊದಲು ಕೆಲಸ, ಆಮೇಲೆ ನೋಟ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಯಾರ ಅಭಿಪ್ರಾಯವನ್ನೂ ಮುಂಗಡ ಕೇಳಲಿಲ್ಲ. ಮೇಸ್ತ್ರಿ ಕೈಕೊಟ್ಟು, ಬೀಗರು ಮುನಿಸಿಕೊಂಡು, ಗಂಟು ಕರಗಿದ ಮೇಲೆ ಹೇಳುವುದೇನಾದರೂ ಉಳಿದಿದ್ದರೆ ಹೇಳು, ಅಷ್ಟೇ.

ಈ ಪದದ ಪೂರ್ತಿ ಬಣ್ಣ ತಿಳಿಯುವುದು ಉಪ್ಪು ನೋಡುವಾಗ. ಸೌಟಿನಿಂದ ಒಂದು ತೊಟ್ಟು ಸಾರು ಅಂಗೈಗೆ ಬೀಳುತ್ತದೆ. ನೆಕ್ಕಿದವರು ಹುಬ್ಬು ಗಂಟಿಕ್ಕಿ, ಸೂರು ದಿಟ್ಟಿಸಿ, 'ಇನ್ನೊಂದು ಹರಳು' ಅನ್ನುತ್ತಾರೆ. ಸಾರು ರುಚಿಯಾಗಿತ್ತೇ ಎಂದು ಕೇಳಿದರೆ ತಬ್ಬಿಬ್ಬಾದಾರು. ನಾಲಿಗೆ ಆಗ ಉಪ್ಪಿನ ಲೆಕ್ಕ ಬರೆಯುತ್ತಿತ್ತು. ಅದೇ ಸಾರನ್ನು ಬಿಸಿಯನ್ನಕ್ಕೆ ಕಲಸಿ ಸುರ್ರೆಂದು ಎಳೆಯುವಾಗ ನೋಡುವ ಮಾತೇ ಇಲ್ಲ, ಬರೀ ಊಟ. ನೈವೇದ್ಯದ ಅಡುಗೆಯಲ್ಲಂತೂ ರುಚಿ ನೋಡುವ ಹಾಗೇ ಇಲ್ಲ, ಎಂಜಲಾಗುತ್ತದೆ. ಅಲ್ಲಿ ಉಪ್ಪು ಬೀಳುವುದು ಕೈಯಂದಾಜಿನಲ್ಲಿ.

ಈಗ ಕ್ರಮ ತಿರುಗಿದೆ: ನೋಡಿ ಮಾಡು. ದೋಸೆ ತಿನ್ನಲು ಹೊರಡುವ ಮುನ್ನ ಮೊಬೈಲಿನಲ್ಲಿ ಸ್ಟಾರ್ ಎಣಿಸುತ್ತೇವೆ. ಮೊದಲ ತುತ್ತು ಬಾಯಲ್ಲಿರುವಾಗಲೇ 4.3 ಕೊಟ್ಟದ್ದು ಹೆಚ್ಚಾಯಿತೇ ಎಂಬ ಪಂಚಾಯಿತಿ ಶುರು. ಕಾವಲಿಯ ಮುಂದೆ ಬೆವರುವವನಿಗೆ ಇದಕ್ಕಿಂತ ಅವಮಾನ ಬೇಕೆ? ಹಿಂದಿನವರೇನೂ ಕಮ್ಮಿಯಲ್ಲ ಅನ್ನಿ. ಹೆಣ್ಣು ನೋಡಲು ಬಂದು, ಕೇಸರಿಬಾತ್ ಮುಗಿಸಿ, 'ಊರಿಗೆ ಹೋಗಿ ಕಾಗದ ಬರೀತೀವಿ' ಎಂದು ಎದ್ದವರೂ ಮಾಡಿದ್ದು ಇದನ್ನೇ.

ಪಕ್ಕದಲ್ಲೇ 'ಕಾಣು' ಇದೆ. ಕಷ್ಟ ಕಂಡವರು, ಸುಖ ಕಾಣದವರು, ಕನಸು ಕಾಣುವವರು. ಇಲ್ಲೆಲ್ಲ ದೂರ ನಿಂತು ಅಳೆಯಲು ಜಾಗವಿಲ್ಲ, ಬಂದದ್ದು ನೇರ ಮೈಮೇಲೇ ಬರುತ್ತದೆ. ಅಲ್ಲಮನ ಎಷ್ಟೋ ವಚನಗಳ ಕೊನೆಗೆ ಬರುವುದೂ 'ಕಾಣಾ', 'ನೋಡಾ' ಎರಡೂ. ಯಾವುದು ಎಲ್ಲಿ ಬಂತು ಎಂದು ಗಮನಿಸುತ್ತ ಓದಿದರೆ ಹೊತ್ತು ಹೋದದ್ದು ತಿಳಿಯದು. ಕುಂದಾಪುರದ ಕಡೆಯವರಿಗೆ ಈ ತಾಪತ್ರಯವಿಲ್ಲ, ನೋಡಿ ಅನ್ನುವಲ್ಲೂ 'ಕಾಣಿ' ಎಂದು ಸಾಗಿಸುತ್ತಾರೆ.

ಇನ್ನುಳಿದದ್ದು ಮೈಸೂರು ಸೀಮೆಯ 'ನೋಡೋಣ'. ಅದರಲ್ಲಿ ಮಾಡುವುದೂ ಇಲ್ಲ, ನೋಡುವುದೂ ಇಲ್ಲ. ಗೃಹಪ್ರವೇಶಕ್ಕೆ ಕರೆಯಲು ಬಂದವರಿಗೆ 'ನೋಡೋಣ' ಅಂದು ನೋಡಿ: ಕುಂಕುಮ ಕೊಟ್ಟು, ನಗುತ್ತಲೇ ಎದ್ದು, ಊಟದ ಎಲೆಯ ಲೆಕ್ಕದಿಂದ ನಿಮ್ಮನ್ನು ಕಳೆದುಬಿಟ್ಟಿರುತ್ತಾರೆ.