ಕರೆಂಟು ಹೋದ ಮೇಲಿನ ನೀರು

ಆಂಧ್ರದ ಕರಾವಳಿಗೆ ವರ್ಗವಾಗಿ ಬರುವ ಕನ್ನಡಿಗರಿಗೆ ಮೊದಲು ಅನಿಸುವುದು, ಇಲ್ಲಿ ನೀರಿಗೇನು ಬರ ಅಂತ. ವಿಜಯವಾಡದಲ್ಲಿ ಕೃಷ್ಣೆ ಊರಿಗೆ ಅಂಟಿಕೊಂಡೇ ಹರಿಯುತ್ತಾಳೆ. ನಮ್ಮ ಬೆಂಗಳೂರಿನ ಹಾಗೆ ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ನೀರನ್ನು ಮೇಲೆತ್ತುವ ಪಾಡಿಲ್ಲ. ವಿಶಾಖಪಟ್ಟಣಕ್ಕಂತೂ ಏಲೇರಿನ ನೀರು ಸುಮಾರು 150 ಕಿ.ಮೀ. ಕಾಲುವೆಯ ಇಳಿಜಾರಿನಲ್ಲೇ ನಡೆದುಕೊಂಡು ಬರುತ್ತದೆ. ಆದರೆ ಊರ ಬಾಗಿಲಿಗೆ ಬಂದ ನೀರು ಗುಡ್ಡದ ಮೇಲಿನ ಟ್ಯಾಂಕಿಗೆ ಏರಬೇಕಾದರೆ ಮೋಟಾರು ತಿರುಗಲೇಬೇಕು. ಅದು ನಿಂತರೆ ನದಿ ಪಕ್ಕದಲ್ಲಿದ್ದರೂ ಒಂದೇ, ನೂರು ಮೈಲಿ ಆಚೆ ಇದ್ದರೂ ಒಂದೇ.

ಇದು ನನಗೆ ಅರ್ಥವಾದದ್ದು 2013ರ ಅಕ್ಟೋಬರ್‌ನಲ್ಲಿ. ನಮ್ಮವರು ಬ್ಯಾಂಕಿನವರು, ಆಗ ವಿಜಯವಾಡದಲ್ಲಿದ್ದೆವು. ತೆಲಂಗಾಣ ರಚನೆಗೆ ಕೇಂದ್ರ ಸಂಪುಟ ಅಕ್ಟೋಬರ್ 3ರಂದು ಒಪ್ಪಿಗೆ ಕೊಟ್ಟಿತು. ಅದನ್ನು ವಿರೋಧಿಸಿ ಸೀಮಾಂಧ್ರದ ವಿದ್ಯುತ್ ನೌಕರರು 6ರಿಂದ ಮುಷ್ಕರ ಹೂಡಿದರು. ಊರ ಪಕ್ಕದ ಇಬ್ರಾಹಿಂಪಟ್ಟಣದ ಶಾಖೋತ್ಪನ್ನ ಸ್ಥಾವರದಲ್ಲಿ ಉತ್ಪಾದನೆ ನಿಂತಿತು. ಒಂದು ಕಡೆ ತುಂಬಿದ ನದಿ, ಇನ್ನೊಂದು ಕಡೆ ವಿದ್ಯುತ್ ಸ್ಥಾವರ, ನಡುವೆ ಒಣಗಿದ ನಲ್ಲಿ! ಫೈಲಿನ್ ಚಂಡಮಾರುತ ಬರುತ್ತಿದೆ ಅಂದ ಮೇಲೆ ಮುಷ್ಕರ ತಾತ್ಕಾಲಿಕವಾಗಿ ನಿಂತಿತು.

ಮರುವರ್ಷ ನಮಗೆ ವಿಶಾಖಪಟ್ಟಣಕ್ಕೆ ವರ್ಗ. ಅಲ್ಲೂ ಅಕ್ಟೋಬರ್ ಬಿಡಲಿಲ್ಲ. 2014ರ 12ನೇ ತಾರೀಕು, ಭಾನುವಾರ, ಹುದ್‌ಹುದ್ ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿ ನೇರ ಊರ ಮೇಲೇ ಬಂತು. ಸಂಜೆಯ ಹೊತ್ತಿಗೆ ಸಾಲು ಸಾಲು ವಿದ್ಯುತ್ ಕಂಬಗಳು ಮಲಗಿದ್ದವು. ಮೇಲಿನ ಟ್ಯಾಂಕಿನ ನೀರು ಮರುದಿನ ಬೆಳಗ್ಗೆಗೆ ಖಾಲಿ. ಸಂಪಿನಲ್ಲಿ ಇದ್ದದ್ದನ್ನು ಮೂರನೇ ಮಹಡಿಗೆ ಕೊಡದಲ್ಲಿ ಹೊತ್ತೆವು. ಎದುರುಮನೆಯ ಪಿನ್ನಿಗಾರು ನನ್ನನ್ನು ಕೂಗಿ, "ಅಮ್ಮಾಯ್, ಕರೆಂಟ್ ಎಪ್ಪುಡು ವಸ್ತುಂದೋ ಕಾದು, ನೀಳ್ಳು ಎಪ್ಪುಡು ವಸ್ತಾಯೋ ಅಡುಗು" ಅಂದರು. ಕರೆಂಟು ಯಾವಾಗ ಬರುತ್ತೆ ಅಂತಲ್ಲ, ನೀರು ಯಾವಾಗ ಬರುತ್ತೆ ಅಂತ ಕೇಳು ಎಂದು. ಹಿಂದಿನ ಬೀದಿಯಲ್ಲಿ ಯಾರೂ ತಿರುಗಿ ನೋಡದ ಸೇದುವ ಬಾವಿಯೊಂದಿತ್ತು. ಆ ವಾರ ಅದಕ್ಕೆ ಹೊಸ ಹಗ್ಗ ಬಂತು, ರಾಟೆಗೆ ಎಣ್ಣೆ ಬಿತ್ತು, ಬೆಳಗಿನ ಜಾವದಿಂದಲೇ ಸರದಿ ನಿಂತಿತು. ನೀರಿನ ಕ್ಯಾನಿನ ಬೆಲೆಯ ಮಾತು ಬೇಡ ಬಿಡಿ.

ಜನರೇಟರ್ ತಂದರೆ ಆಯಿತಲ್ಲ ಅನ್ನಬಹುದು. ತರಿಸಿದರು ಕೂಡ. ಆದರೆ ಕಲ್ಯಾಣಮಂಟಪದ ಜನರೇಟರ್‌ನಿಂದ ಊರಿಗೆ ನೀರೆತ್ತಲು ಆಗುವುದಿಲ್ಲ. ದೊಡ್ಡ ಮೋಟಾರನ್ನು ನೇರವಾಗಿ ಶುರು ಮಾಡಿದರೆ ಆ ಕ್ಷಣಕ್ಕೆ ಅದು ಎಂದಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಜನರೇಟರ್ ಅದನ್ನು ತಡೆಯುವಷ್ಟು ದೊಡ್ಡದಿರಬೇಕು. ಅದಕ್ಕೆ ಡೀಸೆಲ್ ಬೇಕು, ಡೀಸೆಲ್ ಬರಲು ರಸ್ತೆ ಬೇಕು, ರಸ್ತೆಯ ತುಂಬ ಬಿದ್ದ ಮರ. ಪೆಟ್ರೋಲ್ ಬಂಕಿನ ಪಂಪು ಓಡುವುದೂ ಕರೆಂಟಿನಿಂದಲೇ ತಾನೆ?

ಇನ್ನು ಕೊಳಚೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ತಗ್ಗಿನ ಬಡಾವಣೆಗಳ ಕೊಳಚೆ ಒಂದು ಗುಂಡಿಗೆ ಇಳಿದು ಅಲ್ಲಿಂದ ಪಂಪಿನಲ್ಲಿ ಮೇಲೇರುತ್ತದೆ. ಪಂಪು ನಿಂತರೆ ಗುಂಡಿ ತುಂಬಿ ಮ್ಯಾನ್‌ಹೋಲಿನಿಂದ ಬೀದಿಗೆ ಉಕ್ಕುತ್ತದೆ. ಅದೇ ಹೊತ್ತಿಗೆ ಒತ್ತಡವಿಲ್ಲದೆ ಖಾಲಿ ಬಿದ್ದ ಕುಡಿಯುವ ನೀರಿನ ಪೈಪು, ಬಿರುಕಿದ್ದ ಕಡೆಯಲ್ಲೆಲ್ಲ ಆ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಎಷ್ಟೋ ದಿನದ ಮೇಲೆ ನಲ್ಲಿಯಲ್ಲಿ ಬಂದ ಮೊದಲ ನೀರನ್ನು ನಂಬಬಾರದು. ಕುದಿಸೋಣವೆಂದರೆ ಗ್ಯಾಸೂ ಮುಗಿಯುತ್ತಿತ್ತು.

ಆಮೇಲೆ 2015ರಲ್ಲಿ ವಿಶ್ವಬ್ಯಾಂಕು 25 ಕೋಟಿ ಡಾಲರ್ ನೆರವು ಮಂಜೂರು ಮಾಡಿತು. ಊರಿನ ತಂತಿಗಳನ್ನು ನೆಲದೊಳಗೆ ಹಾಕುವ ಕೆಲಸವೂ ಅದರಲ್ಲಿ ಸೇರಿತ್ತು. ನನ್ನ ಲೆಕ್ಕದಲ್ಲಿ ನೂರು ಜನರೇಟರ್‌ಗಿಂತ ಅದೇ ಮೇಲು. 2018ರಲ್ಲಿ ಮುಡಸರ್ಲೋವ ಜಲಾಶಯದ ಮೇಲೆ 2 ಮೆಗಾವಾಟ್‌ನ ತೇಲುವ ಸೌರಫಲಕಗಳು ಬಂದವು. ನೋಡಲು ಚೆಂದ. ಆದರೆ ಗ್ರಿಡ್ಡಿಗೆ ಜೋಡಿಸಿದ ಸೌರ ವಿದ್ಯುತ್ತು, ಪ್ರತ್ಯೇಕ ಏರ್ಪಾಡಿಲ್ಲದಿದ್ದರೆ, ಗ್ರಿಡ್ಡು ಹೋದಾಗ ತಾನೂ ಕೈಕಟ್ಟಿ ಕೂರುತ್ತದೆ. ಲೈನು ರಿಪೇರಿ ಮಾಡುವವನ ಜೀವ ಉಳಿಯಲಿ ಅಂತ ಹಾಗೆ ಮಾಡಿರುತ್ತಾರೆ.

2024ರ ಸೆಪ್ಟೆಂಬರ್ 1ಕ್ಕೆ ಮತ್ತೆ ವಿಜಯವಾಡ. ಈ ಸಲ ಗಾಳಿಯಲ್ಲ, ನೀರೇ. ಬುಡಮೇರು ಒಡೆದು ಅಜಿತ್‌ಸಿಂಗ್ ನಗರ ಮುಳುಗಿತು. ಮರುದಿನ ಪ್ರಕಾಶಂ ಬ್ಯಾರೇಜಿನಲ್ಲಿ 11.43 ಲಕ್ಷ ಕ್ಯೂಸೆಕ್ಸ್ ಹರಿಯಿತು, ಅದು ದಾಖಲೆ. ಮುಳುಗಿದ ಬೀದಿಗಳಲ್ಲಿ ಜನ ಶಾಕ್ ಹೊಡೆದು ಸಾಯಬಾರದೆಂದರೆ ಕರೆಂಟನ್ನು ತೆಗೆಯಲೇಬೇಕು. ತೆಗೆದರೆ ಕುಡಿಯುವ ನೀರಿಲ್ಲ. ಊರಿನ ಕೊಳಚೆ ಶುದ್ಧೀಕರಣ ಸ್ಥಾವರಗಳಲ್ಲೊಂದು ಇರುವುದೂ ಅದೇ ತಗ್ಗಿನಲ್ಲಿ. ಅಂಥ ಕಡೆ ಜನರೇಟರ್ ಇಟ್ಟರೂ ಎತ್ತರದ ಕಟ್ಟೆಯ ಮೇಲಿಡದಿದ್ದರೆ ಮೊದಲು ಮುಳುಗುವುದು ಅದೇ.

ನೆಂಟರ ಮನೆ ಅಲ್ಲೇ. ಹೋಗಿ ನೋಡುವ ಹೊತ್ತಿಗೆ ನೀರು ಇಳಿದು ಮೊಣಕಾಲುದ್ದದ ಗುರುತು ಗೋಡೆಯ ಮೇಲೆ ಉಳಿದಿತ್ತು. ಬೀದಿಯಲ್ಲಿ ಅಗ್ನಿಶಾಮಕದ ಲಾರಿಗಳು ನಿಂತು ಒಂದೊಂದೇ ಮನೆಯ ಕೆಸರನ್ನು ತೊಳೆಯುತ್ತಿದ್ದವು. ಎಂಜಿನ್ನು ಅದರದೇ, ಪಂಪೂ ಅದರದೇ, ಯಾವ ತಂತಿಯ ಹಂಗೂ ಇಲ್ಲ. ಹೆಂಗಸರು ಬಾಗಿಲಲ್ಲಿ ನಿಂತು, "ಬಾಬೂ, ಇಟು ಕೂಡಾ" ಅಂತ ತಮ್ಮ ಮನೆಯ ಕಡೆ ಕರೆಯುತ್ತಿದ್ದರು.