ರಾತ್ರಿಯಾದರೆ ಬ್ಯಾಕ್ಟೀರಿಯಾಗಳು ಮಲಗುತ್ತವೆಯೇ?

"ರಾತ್ರಿ ಎಂಟರ ಮೇಲೆ ಹೊಟ್ಟೆಯ ಬ್ಯಾಕ್ಟೀರಿಯಾಗಳು ಮಲಗಿಬಿಡುತ್ತವೆ, ಆಮೇಲೆ ತಿಂದದ್ದು ಅಲ್ಲೇ ಕೊಳೆಯುತ್ತದೆ." ಇಂಥದ್ದೊಂದು ಸಂದೇಶ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದರೆ ನಂಬಿಬಿಡುವುದು ಸುಲಭ. ಯಾಕೆಂದರೆ ಅದರಲ್ಲಿ ಒಂದು ಚೂರು ನಿಜ ಸೇರಿಕೊಂಡಿದೆ: ಕೆಲವು ಬ್ಯಾಕ್ಟೀರಿಯಾಗಳೊಳಗೆ ನಿಜಕ್ಕೂ 24 ಗಂಟೆಯ ಜೈವಿಕ ಗಡಿಯಾರ ಇದೆ. ಆ ನಿಜ ಎಲ್ಲಿಯವರೆಗೆ, ಸುಳ್ಳು ಎಲ್ಲಿಂದ ಎಂದು ನೋಡೋಣ.

ಮನುಷ್ಯರಿಗೆ, ಗಿಡಗಳಿಗೆ, ನೊಣಗಳಿಗೆ ಇಂಥ ಗಡಿಯಾರ ಇರುವುದು ಮೊದಲೇ ಗೊತ್ತಿತ್ತು. ಬ್ಯಾಕ್ಟೀರಿಯಾಗಳಿಗೆ ಇರಲಾರದು ಎಂಬುದೇ 1980ರ ದಶಕದವರೆಗೂ ಸಾಮಾನ್ಯ ನಂಬಿಕೆ. ಕೆಲವೇ ಗಂಟೆಗಳಲ್ಲಿ ಒಡೆದು ಎರಡಾಗುವ ಜೀವಿಗೆ ಇಡೀ ದಿನದ ಲೆಕ್ಕ ಯಾಕೆ ಬೇಕು? ವಾದ ಸರಿಯಾಗಿಯೇ ಕೇಳಿಸುತ್ತದೆ.

ಅದನ್ನು ಸುಳ್ಳು ಮಾಡಿದ್ದು ಸಯನೋಬ್ಯಾಕ್ಟೀರಿಯಾ, ಅಂದರೆ ನೀರಿನಲ್ಲಿ ಬೆಳೆಯುವ, ನಾವು ನೀಲಿ-ಹಸಿರು ಪಾಚಿ ಎನ್ನುವ ಗುಂಪು. 1993ರಲ್ಲಿ ಜಪಾನಿನ ತಕಾವೊ ಕೊಂಡೊ, ಅಮೆರಿಕದ ಕಾರ್ಲ್ ಜಾನ್ಸನ್, ಸೂಸನ್ ಗೋಲ್ಡನ್ ಮತ್ತು ಸಂಗಡಿಗರು ಈ ಗುಂಪಿನ ಸಿನೆಕೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಬೆಳಕು ಸೂಸುವ ಜೀನ್ ಸೇರಿಸಿದರು. ಹಗಲು-ರಾತ್ರಿಯ ಸುಳಿವೇ ಸಿಗದಂತೆ ಸದಾ ಒಂದೇ ಬೆಳಕಿನಲ್ಲಿಟ್ಟರೂ ಅದರ ಮಿನುಗು ಸುಮಾರು 24 ಗಂಟೆಗೊಮ್ಮೆ ಏರಿ ಇಳಿಯುತ್ತಿತ್ತು. ಕೋಶ ಒಡೆದರೂ ಲೆಕ್ಕ ತಪ್ಪುವುದಿಲ್ಲ. ಮರಿಕೋಶಗಳು ತಾಯಿಕೋಶದ ಸಮಯವನ್ನೇ ಮುಂದುವರಿಸುತ್ತವೆ.

ಗಡಿಯಾರದ ಬಿಡಿಭಾಗಗಳು 1998ರಲ್ಲಿ ಸಿಕ್ಕವು. ಅವು ಕೈ-ಎ, ಕೈ-ಬಿ, ಕೈ-ಸಿ ಎಂಬ ಮೂರು ಪ್ರೋಟೀನುಗಳು. (ನಮ್ಮ ಕೈ ಅಲ್ಲ. ಜಪಾನಿ ಭಾಷೆಯಲ್ಲಿ 'ಕೈ' ಎಂದರೆ ಸುತ್ತು, ಆವರ್ತ.) ಕೈ-ಸಿ ಮೇಲೆ ಫಾಸ್ಫೇಟ್ ಅಂಟಲು ಕೈ-ಎ ನೆರವಾಗುತ್ತದೆ, ಕೈ-ಬಿ ಬಂದು ಅದನ್ನು ತಡೆಯುತ್ತದೆ. ಅಂಟಿ, ಬಿಟ್ಟು, ಮತ್ತೆ ಅಂಟುವ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ದಿನ. ನಮಗೆ ಅತಿ ಬೆರಗು ಹುಟ್ಟಿಸುವುದು 2005ರ ಪ್ರಯೋಗ. ಕೊಂಡೊ ಅವರ ತಂಡ ಈ ಮೂರು ಪ್ರೋಟೀನುಗಳನ್ನು ಶಕ್ತಿ ಕೊಡುವ ಎಟಿಪಿಯ ಜೊತೆ ಪ್ರನಾಳದಲ್ಲಿ ಬೆರೆಸಿತು. ಕೋಶವಿಲ್ಲ, ಡಿಎನ್ಎ ಇಲ್ಲ, ಜೀವವೇ ಇಲ್ಲ. ಆದರೂ ಗಡಿಯಾರ ನಡೆಯಿತು!

ಇದರಿಂದ ಲಾಭವೇನು? ಸಯನೋಬ್ಯಾಕ್ಟೀರಿಯಾ ಬಿಸಿಲನ್ನು ನೆಚ್ಚಿ ಬದುಕುವಂಥದ್ದು, ಬೆಳಗಾಗುವ ಮೊದಲೇ ಸಜ್ಜಾಗಿರಬೇಕು. ವೇಗದ ಗಡಿಯಾರದ ತಳಿ ಮತ್ತು ನಿಧಾನದ ಗಡಿಯಾರದ ತಳಿಗಳನ್ನು ಒಟ್ಟಿಗೆ ಬೆಳೆಸಿದಾಗ, ಕೃತಕವಾಗಿ 22 ಗಂಟೆಯ 'ದಿನ' ಕೊಟ್ಟರೆ ವೇಗದ್ದು ಗೆದ್ದಿತು, 30 ಗಂಟೆಯದು ಕೊಟ್ಟರೆ ನಿಧಾನದ್ದು. ಸದಾ ಬೆಳಕಿದ್ದರೆ ಆ ಮೇಲುಗೈ ಯಾವುದಕ್ಕೂ ಇಲ್ಲ.

ಗಮನಿಸಿ, ಇಷ್ಟೂ ಕಥೆ ಬಿಸಿಲಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾದ್ದು. ಮಣ್ಣಿನಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲೂ ದಿನದ ಲಯವಿದೆ ಎಂದು ಯುರೋಪಿನ ತಂಡವೊಂದು 2021ರಲ್ಲಿ ತೋರಿಸಿತು. ಹಾಗೆಂದು ಎಲ್ಲ ಬ್ಯಾಕ್ಟೀರಿಯಾಗಳಿಗೂ ಗಡಿಯಾರ ಇದೆ ಎಂದಾಗದು. ಹೊಟ್ಟೆಯ ಬ್ಯಾಕ್ಟೀರಿಯಾಗಳ ವಿಷಯಕ್ಕೆ ಬಂದರೆ, ಇಲಿಗಳ ಕರುಳಿನಲ್ಲಿ ಅವುಗಳ ಪ್ರಮಾಣ ದಿನವಿಡೀ ಏರಿಳಿಯುತ್ತದೆ ಎಂದು 2014ರ ಅಧ್ಯಯನವೊಂದು ಕಂಡುಕೊಂಡಿತು. ಆದರೆ ಅಲ್ಲಿ ತಾಳ ಹಾಕುತ್ತಿದ್ದುದು ಮುಖ್ಯವಾಗಿ ಇಲಿ ತಿನ್ನುವ ಹೊತ್ತು. ಊಟ ಬಂದಾಗ ಅವು ಕೆಲಸ ಮಾಡುತ್ತವೆ, ಗಡಿಯಾರ ನೋಡಿ ಬಾಗಿಲು ಹಾಕುವುದಿಲ್ಲ.

ಅಷ್ಟಕ್ಕೂ, ಗಡಿಯಾರ ಇರುವುದು ಬೇರೆ, ನಿದ್ದೆ ಬೇರೆ. ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಗ್ಗೆ ಮೊಸರಾಗಿರುತ್ತದಲ್ಲ, ಆ ಕೆಲಸ ಮಾಡಿದ್ದು ಬ್ಯಾಕ್ಟೀರಿಯಾಗಳೇ, ಅದೂ ಕತ್ತಲಲ್ಲಿ. ಚಳಿಗೆ ಅವು ನಿಧಾನವಾಗುತ್ತವೆ, ಕತ್ತಲೆಗಲ್ಲ. ತಡರಾತ್ರಿ ಊಟ ಬೇಡ ಎನ್ನಲು ಎದೆಯುರಿ, ಅಜೀರ್ಣ ಮುಂತಾದ ಬೇರೆ ಕಾರಣಗಳಿವೆ.

ಇಂಥ ಸಂದೇಶ ನಂಬಿ "ಹೇಗೂ ರಾತ್ರಿ ಬ್ಯಾಕ್ಟೀರಿಯಾ ಮಲಗಿರುತ್ತವೆ" ಎಂದು ಆಂಟಿಬಯೋಟಿಕ್‌ನ ರಾತ್ರಿಯ ಮಾತ್ರೆ ಬಿಡುವುದು ಮಾತ್ರ ಅಪಾಯ. ಎಂಟು ಗಂಟೆಗೊಮ್ಮೆ, ಹನ್ನೆರಡು ಗಂಟೆಗೊಮ್ಮೆ ಎಂದು ವೈದ್ಯರು ಬರೆಯುವುದು ಔಷಧ ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕದ ಮೇಲೆ. ಸೋಂಕಿನ ಬ್ಯಾಕ್ಟೀರಿಯಾ ರಾತ್ರಿಯೂ ಒಡೆದು ಹೆಚ್ಚುತ್ತಲೇ ಇರುತ್ತದೆ. ಮಾತ್ರೆಯ ಹೊತ್ತು ಬದಲಿಸಬೇಕೆನಿಸಿದರೆ ವೈದ್ಯರನ್ನೇ ಕೇಳಿ.