ಎಣ್ಣೆ ಸೋಸೋ ಡಬ್ಬಿಯ ಚರಿತ್ರೆ

ಲಾಂಗ್ ವೀಕೆಂಡ್‌ಗೆ ಓಂ ಬೀಚ್‌ಗೆ ಹೊರಡೋ ನಮ್ಮಂಥವರಿಗೆ ಹೆದ್ದಾರಿಯಿಂದ ಗೋಕರ್ಣದವರೆಗಿನ ದಾರಿ ಅಂದ್ರೆ ಮ್ಯಾಪಿನ ನೀಲಿ ಗೆರೆ, ಅಷ್ಟೇ. ಆ ಗೆರೆಯ ಅಕ್ಕಪಕ್ಕ ಭತ್ತದ ಗದ್ದೆಗಳಿವೆ, ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಗದ್ದೆಗಳು ಚಿಕ್ಕವು, ಹಾಗಾಗಿ ಪವರ್ ಟಿಲ್ಲರ್‌ಗಳೇ ಜಾಸ್ತಿ. ಆದ್ರೂ ಅಲ್ಲಲ್ಲಿ ತಗಡಿನ ಮಾಡಿನ ಕೆಳಗೆ ಬಣ್ಣ ಮಾಸಿದ ಟ್ರ್ಯಾಕ್ಟರ್ ಕಣ್ಣಿಗೆ ಬೀಳುತ್ತೆ. ಅಂಥದ್ದೊಂದು ಹಳೇ ಮ್ಯಾಸಿ ನನ್ನ ಸೋದರಮಾವನದು. ಹೋದ ವರ್ಷ ಅದನ್ನ ಗುಜರಿಗೆ ಹಾಕೋಕೆ ಹೊರಟಿದ್ದ. ಎಂಜಿನ್ ಕೆಟ್ಟಿರಲಿಲ್ಲ. ಆಯಿಲ್ ಫಿಲ್ಟರಿನ ಒಳಗೆ ಕೂರೋ ಎಲಿಮೆಂಟ್, ಅಂದ್ರೆ ಮಡಿಕೆ ಮಡಿಕೆಯಾದ ಒಂದು ಕಾಗದದ ಸುರುಳಿ, ಅವನಿಗೆ ಎಲ್ಲೂ ಸಿಕ್ಕಿರಲಿಲ್ಲ.

ಇಷ್ಟು ಚಿಕ್ಕ ವಸ್ತುವಿಗೆ ಒಂದು ಟ್ರ್ಯಾಕ್ಟರಿನ ಹಣೆಬರಹ ತಗಲಿಕೊಂಡಿದ್ದು ಯಾವಾಗಿಂದ? ಅದನ್ನ ಹುಡುಕ್ತಾ ಹೋದಾಗ ಗೊತ್ತಾಗಿದ್ದು ಇದು.

ಹೆನ್ರಿ ಫೋರ್ಡ್ 1917ರಲ್ಲಿ ಮಾರುಕಟ್ಟೆಗೆ ಬಿಟ್ಟ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿ ಆಯಿಲ್ ಫಿಲ್ಟರ್ ಇರಲಿಲ್ಲ, ಆಯಿಲ್ ಪಂಪೂ ಇರಲಿಲ್ಲ. ತಿರುಗೋ ಭಾಗಗಳು ಎಣ್ಣೆಯನ್ನ ಎರಚಿದ್ದೇ ಎಂಜಿನ್‌ಗೆ ಅಭ್ಯಂಜನ. ಹೊಲದ ಧೂಳು, ಮಸಿ, ಸವೆದ ಲೋಹದ ಪುಡಿ ಎಲ್ಲಾ ಅದೇ ಎಣ್ಣೆಯಲ್ಲಿ ಸುತ್ತುತ್ತಿದ್ದವು. ಇದ್ದ ದಾರಿ ಒಂದೇ: ಪದೇ ಪದೇ ಎಣ್ಣೆ ಬದಲಿಸೋದು.

1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಸೇರಿ ಮೋಟಾರು ಎಂಜಿನ್‌ಗೆ ಒಂದು ಫಿಲ್ಟರ್ ಮಾಡಿದರು. ‘ಪ್ಯೂರ್ ಆಯಿಲ್ ಲೇಟರ್’ ಅನ್ನೋದನ್ನ ಒಟ್ಟಿಗೆ ಉರುಳಿಸಿ ಅದಕ್ಕೆ ‘ಪ್ಯೂರೊಲೇಟರ್’ ಅಂತ ಹೆಸರಿಟ್ಟರು. ಆ ಕಾಲದ ಫಿಲ್ಟರುಗಳ ಕೆಲಸ ಬೆಂಗಳೂರಿನವರಿಗೆ ಬೇಗ ಅರ್ಥ ಆಗುತ್ತೆ, ಯಾಕಂದ್ರೆ ಎಂಜಿನ್ ತಳದ ಎಣ್ಣೆತೊಟ್ಟಿಗೂ ಸಂಪ್ ಅಂತಲೇ ಹೆಸರು. ನಿಮ್ಮ ಅಪಾರ್ಟ್‌ಮೆಂಟಿನ ಸಂಪ್‌ನಿಂದ ಮನೆಗಳಿಗೆಲ್ಲ ನೀರು ಸೋಸದೇ ಹೋಗ್ತಿದೆ ಅಂದ್ಕೊಳ್ಳಿ. ಪಕ್ಕದಲ್ಲೊಂದು ಸಣ್ಣ ಪೈಪು ಮಾತ್ರ ಸ್ವಲ್ಪ ಸ್ವಲ್ಪವೇ ನೀರು ಎಳೆದು, ಸೋಸಿ, ವಾಪಸ್ ಸಂಪಿಗೇ ಬಿಡುತ್ತೆ. ಇದೇ ಬೈಪಾಸ್ ಫಿಲ್ಟರ್. ಒಂದು ಸುತ್ತಿಗೆ ಸುಮಾರು ಹತ್ತನೇ ಒಂದು ಭಾಗ ಎಣ್ಣೆ ಮಾತ್ರ ಶುದ್ಧ. ನಿಧಾನ, ಆದ್ರೆ ಫಿಲ್ಟರ್ ಪೂರ್ತಿ ಕಟ್ಟಿಕೊಂಡರೂ ಬೇರಿಂಗುಗಳಿಗೆ ಎಣ್ಣೆ ತಪ್ಪಲ್ಲ.

ಇದನ್ನ ಆಯಿಲ್ ಪಂಪ್ ಇದ್ದ ಯಾವ ಎಂಜಿನ್‌ಗಾದ್ರೂ ಆಮೇಲೆ ಹೊರಗಿಂದ ಕೂರಿಸಬಹುದಿತ್ತು: ಒಂದು ಡಬ್ಬಿ, ಎರಡು ಪೈಪು, ಒಂದು ಕ್ಲ್ಯಾಂಪು. ಹೀಗೆ ಹುಟ್ಟಿದ್ದು ಆಫ್ಟರ್‌ಮಾರ್ಕೆಟ್ ಫಿಲ್ಟರುಗಳ ದೊಡ್ಡ ಸಂತೆ. ಫ್ರಾಂಟ್ಜ್ ಅನ್ನೋ ಫಿಲ್ಟರಿಗಂತೂ ಎಲಿಮೆಂಟ್ ಬೇರೇನೂ ಅಲ್ಲ, ಒಂದು ಟಾಯ್ಲೆಟ್ ಪೇಪರ್ ರೋಲ್! ನಗಬೇಡಿ. ಬಿಗಿಯಾಗಿ ಸುತ್ತಿದ ಕಾಗದ ಮಸಿಯನ್ನೂ ಹಿಡಿಯುತ್ತೆ, ನೀರನ್ನೂ ಹೀರುತ್ತೆ.

ಆಮೇಲೆ ಬಂದಿದ್ದು ಫುಲ್-ಫ್ಲೋ. ಎಲ್ಲಾ ಎಣ್ಣೆಯೂ ಸೋಸಿಯೇ ಬೇರಿಂಗಿಗೆ ಹೋಗ್ಬೇಕು. ಆದ್ರೆ ಫಿಲ್ಟರ್ ಕಟ್ಟಿಕೊಂಡರೆ? ಅದಕ್ಕೊಂದು ಕವಾಟ ಇಟ್ಟರು. ಒತ್ತಡ ಹೆಚ್ಚಾದಾಗ ಅದು ತೆರೆದು ಸೋಸದ ಎಣ್ಣೆಯನ್ನೇ ಬಿಡುತ್ತೆ. ಎಣ್ಣೆಯೇ ಇಲ್ಲದಿರೋದಕ್ಕಿಂತ ಕೊಳಕು ಎಣ್ಣೆ ವಾಸಿ ಅನ್ನೋ ಲೆಕ್ಕ.

ನಮ್ಮ ದೇಶಕ್ಕೆ ಟ್ರ್ಯಾಕ್ಟರ್ ಬಂದಿದ್ದು ಆಮದಿನ ದಾರಿಯಲ್ಲಿ. 1949ರಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಕೊಟ್ಟ ಮೊದಮೊದಲ ಸಾಲಗಳಲ್ಲಿ ಒಂದು ಕೃಷಿ ಯಂತ್ರಗಳಿಗೇ, 1 ಕೋಟಿ ಡಾಲರ್. 1959ರಲ್ಲಿ ಫರೀದಾಬಾದಿನಲ್ಲಿ ಐಷರ್, 1960ರಲ್ಲಿ ಮದ್ರಾಸಿನಲ್ಲಿ ಮ್ಯಾಸಿ ಫರ್ಗುಸನ್ ಜೊತೆ ಟಾಫೆ, 1971ರಲ್ಲಿ ನಮ್ಮ ಬೆಂಗಳೂರಿನ ಎಚ್ಎಂಟಿ ಪಿಂಜೋರಿನಲ್ಲಿ ಝೆಟರ್ ತಂತ್ರಜ್ಞಾನದ ಟ್ರ್ಯಾಕ್ಟರ್. ಎಚ್ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಕಂಪನಿ ಹೋಯ್ತು, ಗದ್ದೆಯಲ್ಲಿದ್ದ ಟ್ರ್ಯಾಕ್ಟರ್ ಹೋಗಲಿಲ್ಲ. ಅದನ್ನ ಉಳಿಸ್ತಿರೋದು ನಾವು ಮೂಗು ಮುರಿಯೋ ‘ಲೋಕಲ್ ಮಾಲು’.

ಮಾವನ ಎಲಿಮೆಂಟ್ ಕೊನೆಗೆ ಸಿಕ್ಕಿದ್ದೂ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಕಿಷ್ಕಿಂಧೆಯಂಥ ಅಂಗಡಿಯಲ್ಲಿ. ಹಳೇದನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದೆ. ಅಂಗಡಿಯವರು ಪಾರ್ಟ್ ನಂಬರ್ ಕೇಳಲಿಲ್ಲ. ಎತ್ತರ ಅಳೆದು, ನಡುವಿನ ತೂತಿಗೆ ಬೆರಳು ಹಾಕಿ ನೋಡಿ, ಮೇಲಿನ ಅಟ್ಟದಿಂದ ಒಂದು ಡಬ್ಬ ಇಳಿಸಿದರು.

ಹಾಕೋದಕ್ಕೂ ಕೈಪಳಗು ಬೇಕು. ಬಟ್ಟಲಿನಂಥ ಡಬ್ಬಿಯ ಬೋಲ್ಟ್ ಬಿಚ್ಚಿ ಎಲಿಮೆಂಟ್ ಬದಲಿಸೋವಾಗ ಮೇಲಿನ ಗಾಡಿಯಲ್ಲಿ ಹಳೇ ರಬ್ಬರ್ ರಿಂಗ್ ಅಂಟಿಕೊಂಡೇ ಇರುತ್ತೆ. ಅದರ ಮೇಲೇ ಹೊಸದು ಕೂರಿಸಿದರೆ ಒತ್ತಡಕ್ಕೆ ಎಣ್ಣೆ ಹೊರಗೆ ಚಿಮ್ಮಿ ಎಂಜಿನ್ ಜಾಮ್ ಆಗುತ್ತೆ. ಕುಮಟಾದ ಮೆಕ್ಯಾನಿಕ್ ಸೂಜಿಯಿಂದ ಆ ರಿಂಗನ್ನ ಕಿತ್ತು ನನ್ನ ಅಂಗೈಲಿಟ್ಟ. “ಇದನ್ನ ಮರೆತವ ಎಂಜಿನ್ನೇ ಕಟ್ಟಿಸಬೇಕು ತಮಾ” ಅಂದ.

ಈಗ ಸ್ಪಿನ್-ಆನ್ ಅಡಾಪ್ಟರ್ ಸಿಗುತ್ತೆ. ಹಳೇ ಬಟ್ಟಲು ತೆಗೆದು, ಕಾರಿನಲ್ಲಿರೋ ಥರ ತಿರುಗಿಸಿ ಹಾಕಿ, ತಿರುಗಿಸಿ ತೆಗೆದು ಎಸೆಯೋ ಡಬ್ಬಿ. ದಿನಾ ದುಡಿಯೋ ಗಾಡಿಗೆ ಅದೇ ಒಳ್ಳೇದು, ಕೆಲಸ ಸಲೀಸು, ಸೋರೋ ಭಯ ಕಡಿಮೆ. ಮಾವ ಮಾತ್ರ ಒಪ್ಪಲಿಲ್ಲ. ಹಳೇ ಬಟ್ಟಲು ಬಿಚ್ಚಿದಾಗ ತಳದಲ್ಲಿ ಕೂತ ಕೆಸರು ನೋಡಿದ್ರೆ, ಬೆರಳಲ್ಲಿ ಉಜ್ಜಿದ್ರೆ ಎಂಜಿನ್ ಆರೋಗ್ಯ ಅವನಿಗೆ ತಿಳಿಯುತ್ತೆ. ಸೀಲ್ ಆದ ಡಬ್ಬಿ ಹಾಗೆ ಏನೂ ಹೇಳಲ್ಲ.

ಕರಾವಳಿಯಲ್ಲಿ ಅದು ತಿಳಿಯೋದು ಮುಖ್ಯ. ಇಲ್ಲಿ ಟ್ರ್ಯಾಕ್ಟರ್ ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲ ಸುಮ್ಮನೆ ನಿಂತಿರುತ್ತೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ರೆ ಒಳಗಿನ ತೇವ ಆರಲ್ಲ, ಎಣ್ಣೆಗೆ ನೀರು ಸೇರಿ ಕೆಸರಾಗುತ್ತೆ. ಮೀಟರ್ ತೋರಿಸೋ ಗಂಟೆಗಳನ್ನ ಮಾತ್ರ ನಂಬಿ ಕೂತರೆ ಆಗಲ್ಲ. ಓಡಲಿ ಬಿಡಲಿ, ಮಳೆಗಾಲ ಮುಗಿದ ಮೇಲೆ ಎಣ್ಣೆ, ಎಲಿಮೆಂಟ್ ಎರಡೂ ಬದಲಿಸಬೇಕು.

ಹಳೇ ಯಂತ್ರ ಸಾಯೋದು ಕಬ್ಬಿಣ ಸವೆದು ಮಾತ್ರ ಅಲ್ಲ. ಕಾಗದ ಮಡಚೋ ಒಂದು ಸಣ್ಣ ಕಾರ್ಖಾನೆ, ಅಟ್ಟದಲ್ಲಿ ಡಬ್ಬ ಇಟ್ಟ ಒಬ್ಬ ಅಂಗಡಿಯವ, ರಿಂಗ್ ಕೀಳೋದು ಮರೆಯದ ಒಬ್ಬ ಮೆಕ್ಯಾನಿಕ್ ಇದ್ದರೆ ಸಾಕು, ಐವತ್ತು ವರ್ಷದ ಎಂಜಿನ್ ಮುಂದಿನ ಹೂಟಿಗೂ ಎದ್ದು ನಿಲ್ಲುತ್ತೆ. ಈ ಮೂವರಲ್ಲಿ ಒಬ್ಬರು ಬಾಗಿಲು ಹಾಕಿದರೂ ಗುಜರಿಯವನ ಲಾರಿ ಅಂಗಳಕ್ಕೆ ಬರೋದು ತಡ ಆಗಲ್ಲ.